ಅಂಗಸಾಧನೆಯ ಉಪಕರಣಗಳು: ಒಂದು ಪೂರ್ವಚರಿತ್ರೆ

ದೇಶದ ಚರಿತ್ರೆಯನ್ನು ಬರೆಯತಕ್ಕವರು ಕೋಟೆ ಕೊತ್ತಲಗಳನ್ನೂ ದೇವಾಲಯಗಳನ್ನೂ ಶಾಸನಗಳನ್ನೂ ನಾಣ್ಯಗಳನ್ನೂ ಆಧಾರವಾಗಿಟ್ಟುಕೊಳ್ಳುವುದು ವಾಡಿಕೆ. ಇವೆಲ್ಲ ಬಾಳಿಕೆ ಬರುವ ವಸ್ತುಗಳು. ಮಾಡಿಸಿದವರ ಹೆಸರನ್ನು ಹೊತ್ತು ನಿಂತಿರತಕ್ಕವು. ಆದರೆ ಆ ಕೋಟೆಯ ಗೋಡೆಗಳನ್ನು ಹತ್ತಿದ ಕಾಲುಗಳೂ, ಆ ಕಾಲದ ಕತ್ತಿಗಳನ್ನು ಬೀಸಿದ ತೋಳುಗಳೂ ಯಾವ ಸಾಧನದಿಂದ ಬಲಗೊಂಡವು ಎಂದು ಕೇಳಿದರೆ, ಉತ್ತರ ಹೇಳತಕ್ಕ ವಸ್ತುಗಳು ನಮ್ಮ ಕೈಗೆ ಸಿಕ್ಕುವುದು ಅಪೂರ್ವ. ಅವು ಮಣ್ಣಿನವು, ಮರದವು, ಹಗ್ಗದವು. ಮಣ್ಣಿನಲ್ಲಿ ಮಣ್ಣಾಗಿ ಹೋದವು. ಕಲ್ಲಿನವು ಉಳಿದಿದ್ದರೂ, ಹೊಲದ ಬದುವಿನಲ್ಲಿ ಬಿದ್ದಿರುವ ಗುಂಡುಕಲ್ಲಿಗೂ ಒಬ್ಬ ಜಟ್ಟಿಯು ಹತ್ತು ವರ್ಷ ಎತ್ತಿ ನಯಮಾಡಿದ ಗುಂಡಿಗೂ ಇರುವ ಭೇದವನ್ನು ನೋಡಿದೊಡನೆಯೇ ತಿಳಿಯುವವರು ಕಡಮೆ. ಹೀಗೆ ಮರೆತುಹೋದ ಈ ಉಪಕರಣಗಳ ಕಥೆಯನ್ನು, ಅದರಲ್ಲಿಯೂ ಅಂಗಡಿಯಿಂದ ಕೊಳ್ಳದೆ ಮನೆಯಲ್ಲಿ, ಊರಿನಲ್ಲಿ, ಬಡಗಿ ಕುಂಬಾರ ಕಲ್ಲುಕುಟಿಗರ ಕೈಯಿಂದ ಆದ ಉಪಕರಣಗಳ ಕಥೆಯನ್ನು, ಈ ಹೊತ್ತು ಸಂಗ್ರಹವಾಗಿ ನಿರೂಪಿಸುವುದು ನನ್ನ ಉದ್ದೇಶ.

ಮೊದಲು ಒಂದು ಮಾತು. ಅಂಗಸಾಧನೆಗೆ ಬೇಕಾದ ಉಪಕರಣಗಳು ನೋಡುವುದಕ್ಕೆ ನೂರಾರು ಬಗೆಯಾಗಿ ಕಂಡರೂ, ಅವುಗಳ ತತ್ತ್ವ ನಾಲ್ಕೇ. ಎತ್ತುವುದಕ್ಕೆ ಒಂದು ಭಾರ. ಬೀಸುವುದಕ್ಕೆ ಒಂದು ಗದೆ. ಹಿಡಿದು ತೂಗುವುದಕ್ಕೆ ಅಥವಾ ಏರುವುದಕ್ಕೆ ಒಂದು ಕಂಬವೋ ಹಗ್ಗವೋ. ಬಿದ್ದರೆ ಪೆಟ್ಟಾಗದಂತೆ ಹದಮಾಡಿದ ನೆಲ. ಈ ನಾಲ್ಕರ ಹೊರಗಿನದು ಯಾವ ದೇಶದ ವ್ಯಾಯಾಮಶಾಲೆಯಲ್ಲಿಯೂ ವಿಶೇಷವಾಗಿ ಇಲ್ಲ. ಈ ನಾಲ್ಕನ್ನೂ ಒದಗಿಸುವ ಶಕ್ತಿ ಪ್ರತಿಯೊಂದು ಹಳ್ಳಿಗೂ ಇತ್ತು.

ಭಾರವನ್ನು ಎತ್ತುವ ಅಭ್ಯಾಸದ ಪುರಾತನ ಸಾಕ್ಷಿಗಳಲ್ಲೊಂದು ಗ್ರೀಸ್ ದೇಶದ ಒಲಿಂಪಿಯ ಕ್ಷೇತ್ರದಲ್ಲಿ ದೊರೆತಿದೆ. ಅದು ಕ್ರಿಸ್ತಪೂರ್ವ 6ನೆಯ ಶತಮಾನದ ಒಂದು ಮರಳುಗಲ್ಲು. ತೂಕ ಸುಮಾರು 143 ಕಿಲೋಗ್ರಾಂ. ಬಿಬೋನ್ ಎಂಬಾತನು ಅದನ್ನು ಒಂದೇ ಕೈಯಿಂದ ತಲೆಯ ಮೇಲಕ್ಕೆ ಎತ್ತಿದನೆಂದು ಅದರ ಮೇಲೆ ಕೊರೆದಿದೆ. ಆ ಮಾತನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಆ ಕಲ್ಲಂತೂ ಯಾವ ಕಾರ್ಖಾನೆಯಲ್ಲಿಯೂ ಆದುದಲ್ಲ. ಅದೇ ಶತಮಾನದಲ್ಲಿದ್ದ ಕ್ರೋಟನ್ ಪಟ್ಟಣದ ಮೈಲೋ ಎಂಬ ಮಲ್ಲನ ಕಥೆಯೂ ಪ್ರಸಿದ್ಧವಾಗಿದೆ. ಆತನು ಒಂದು ಕರುವನ್ನು ದಿನದಿನವೂ ಹೊತ್ತು, ಅದು ಬೆಳೆದು ಹೋರಿಯಾದಾಗಲೂ ಹೊರುತ್ತಿದ್ದನಂತೆ. ಕಥೆಯಲ್ಲಿ ಉತ್ಪ್ರೇಕ್ಷೆ ಉಂಟು. ಒಳಗಿನ ತತ್ತ್ವ ಮಾತ್ರ ನಿಜ. ಭಾರವು ಅಲ್ಪ ಅಲ್ಪವಾಗಿ ಹೆಚ್ಚಿದರೆ ದೇಹವೂ ಅದಕ್ಕೆ ತಕ್ಕಂತೆ ಬಲಿಯುತ್ತದೆ. ಥಾಮಸ್ ಡೆಲೋರ್ಮ್ ಎಂಬ ಅಮೆರಿಕದ ಸೈನ್ಯದ ವೈದ್ಯನು ಗಾಯಗೊಂಡ ಯೋಧರ ದುರ್ಬಲವಾದ ಕಾಲುಗಳಿಗೆ ಭಾರದ ಅಭ್ಯಾಸವನ್ನು ಮಾಡಿಸಿ, ಇದೇ ತತ್ತ್ವವನ್ನು 1945ರಲ್ಲಿ ಶಾಸ್ತ್ರೀಯವಾಗಿ ಪ್ರಕಟಿಸಿದನು. ಕರುವಿನಿಂದ ಆಸ್ಪತ್ರೆಯವರೆಗೆ ಈ ತತ್ತ್ವ ನಡೆದು ಬರಲು ಎರಡೂವರೆ ಸಾವಿರ ವರ್ಷ ಹಿಡಿಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ರಾಜನಾದವನು ತಿಳಿಯಬೇಕಾದ ಸಕಲ ವಿಷಯಗಳ ಒಂದು ಕೋಶ. ಅದರ ವಿನೋದ ಭಾಗದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವಿದೆ. ಮಲ್ಲರ ದರ್ಜೆಗಳು, ಅವರ ಆಹಾರ, ಅವರ ಪಟ್ಟುಗಳು ಇವುಗಳ ಜೊತೆಗೆ ಅವರು ಮಾಡಬೇಕಾದ ಶ್ರಮಗಳೂ ಅಲ್ಲಿ ಹೇಳಲ್ಪಟ್ಟಿವೆ. ಭಾರವನ್ನೆತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬವನ್ನು ಅವಲಂಬಿಸಿ ಮಾಡುವುದು ಸ್ತಂಭಶ್ರಮ. ಈ ಸ್ತಂಭಶ್ರಮವೇ ಮುಂದೆ ಮಲ್ಲಕಂಬವೆಂದು ಹೆಸರಾದ ವಿದ್ಯೆಯ ಪೂರ್ವರೂಪವೆಂದು ವಿದ್ವಾಂಸರು ಎಣಿಸುತ್ತಾರೆ. ಇಲ್ಲಿ ನಾವು ಗಮನಿಸಬೇಕಾದದ್ದು ಇಷ್ಟು: ಚಕ್ರವರ್ತಿಯ ಆಸ್ಥಾನದ ಮಲ್ಲರಿಗೂ ಬೇಕಾಗಿದ್ದುದು ಒಂದು ಭಾರ, ಒಂದು ಹಾದಿ, ಒಂದು ಕೆರೆ, ಒಂದು ಕಂಬ. ಇವುಗಳಲ್ಲಿ ಹಣ ಕೊಟ್ಟು ದೂರದೇಶದಿಂದ ತರಿಸಬೇಕಾದದ್ದು ಒಂದೂ ಇಲ್ಲ.

ಈ ವಿಷಯದಲ್ಲಿ ನಮಗಿರುವ ಅತ್ಯಂತ ಸ್ವಾರಸ್ಯವಾದ ಸಾಕ್ಷಿಯು ವಿಜಯನಗರದ್ದು. ಸುಮಾರು 1520ರಲ್ಲಿ ಆ ರಾಜಧಾನಿಗೆ ಬಂದಿದ್ದ ಡೊಮಿಂಗೋ ಪಾಯೆಸ್ ಎಂಬ ಪೋರ್ಚುಗೀಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಕು ಹರಿಯುವ ಮುಂಚೆಯೇ ಎದ್ದು ಸುಮಾರು ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದನು. ಮೈಗೆಲ್ಲ ಅದೇ ಎಣ್ಣೆಯನ್ನು ಬಳಿಸಿಕೊಳ್ಳುತ್ತಿದ್ದನು. ಸೊಂಟಕ್ಕೆ ಒಂದು ಚಿಕ್ಕ ವಸ್ತ್ರವನ್ನು ಬಿಗಿದು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಿಂದ ಎತ್ತುತ್ತಿದ್ದನು. ಅನಂತರ ಕತ್ತಿಯನ್ನು ತೆಗೆದುಕೊಂಡು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಡುವವರೆಗೆ ಬೀಸುತ್ತಿದ್ದನು. ಆಮೇಲೆ ತನ್ನ ಮಲ್ಲರಲ್ಲಿ ಒಬ್ಬನೊಡನೆ ಕುಸ್ತಿ ಮಾಡಿ, ಕುದುರೆಯನ್ನೇರಿ ಬಯಲಿನಲ್ಲಿ ಓಡಾಡಿಸುತ್ತಿದ್ದನು. ಇಷ್ಟೆಲ್ಲವೂ ಬೆಳಗಾಗುವುದರೊಳಗೆ.

ಈ ವರ್ಣನೆಯಲ್ಲಿ ಬರುವ ಮಣ್ಣಿನ ಭಾರಗಳ ಮೇಲೆ ಸ್ವಲ್ಪ ಮನಸ್ಸನ್ನು ನಿಲ್ಲಿಸಬೇಕು. ಮುತ್ತುರತ್ನಗಳ ವ್ಯಾಪಾರ ನಡೆಯುತ್ತಿದ್ದ ಪಟ್ಟಣದ ಒಡೆಯನು, ಕಬ್ಬಿಣವನ್ನೋ ಕಂಚನ್ನೋ ಎರಕ ಹೊಯ್ಯಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲದವನು, ಕುಂಬಾರನು ಮಾಡಿಕೊಟ್ಟ ಮಣ್ಣಿನ ಭಾರವನ್ನು ಎತ್ತುತ್ತಿದ್ದನು. ಇದಕ್ಕೆ ಬಡತನ ಕಾರಣವಲ್ಲವೆಂಬುದು ಸ್ಪಷ್ಟ. ಮಣ್ಣನ್ನು ಬೇಕಾದ ಗಾತ್ರಕ್ಕೆ, ಬೇಕಾದ ಹಿಡಿಗೆ ತಕ್ಕಂತೆ ರೂಪಿಸಬಹುದು, ಒಂದು ಸಾಲದೆ ಹೋದರೆ ಅದಕ್ಕಿಂತ ದೊಡ್ಡದೊಂದನ್ನು ಮಾಡಿಸಬಹುದು, ಒಡೆದರೆ ನಷ್ಟವಿಲ್ಲ. ಉಪಕರಣವು ದೇಹಕ್ಕೆ ತಕ್ಕಂತೆ ಇರಬೇಕಲ್ಲದೆ ದೇಹವು ಉಪಕರಣಕ್ಕೆ ತಕ್ಕಂತೆ ಇರಬೇಕಾದದ್ದಿಲ್ಲ ಎಂಬ ವಿವೇಕಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಬೇಕಾಗಿಲ್ಲ. ಬಲದ ಸಾಧನೆಯ ಮಟ್ಟಿಗೆ ಆ ಕಾಲದಲ್ಲಿ ಅರಸನ ಭಾರಕ್ಕೂ ಕುಂಬಾರನ ಮಗನ ಭಾರಕ್ಕೂ ಮೂಲವಸ್ತು ಒಂದೇ ಆಗಬಹುದಾಗಿತ್ತು.

ಅದೇ ಪಾಯೆಸನು ಅರಮನೆಯಲ್ಲಿ ನರ್ತಕಿಯರಿಗೆ ನಾಟ್ಯ ಕಲಿಸುವ ಮಂದಿರವನ್ನೂ ಕಂಡು ವರ್ಣಿಸಿದ್ದಾನೆ. ಅದರ ಒಂದು ತುದಿಯಲ್ಲಿ ಬಣ್ಣ ಬಳಿದ ಒಂದು ಗೂಡಿನಂಥ ಸ್ಥಳವಿತ್ತು. ಹೆಂಗಸರು ಅಲ್ಲಿ ಕೈಗಳಿಂದ ಹಿಡಿದುಕೊಂಡು ಮೈಯನ್ನೂ ಕಾಲುಗಳನ್ನೂ ಚಾಚಿ ಸಡಿಲಿಸುತ್ತಿದ್ದರು. ಇಡೀ ದೇಹವನ್ನು ಬಳುಕುವಂತೆ ಮಾಡುವ ಶಿಕ್ಷಣವನ್ನು ಅಲ್ಲಿ ಕೊಡುತ್ತಿದ್ದರು. ಸ್ತ್ರೀಯರಿಗಾಗಿಯೇ ಏರ್ಪಡಿಸಿದ ಅಂಗಸಾಧನೆಯ ಸ್ಥಳವೊಂದು 500 ವರ್ಷಗಳ ಹಿಂದೆಯೇ ಕನ್ನಡನಾಡಿನ ರಾಜಧಾನಿಯಲ್ಲಿತ್ತೆಂಬುದಕ್ಕೆ ಇದು ಕಣ್ಣಾರೆ ಕಂಡವನ ಸಾಕ್ಷಿ. ಈ ಸಂಗತಿಯನ್ನು ಮುಂದೆ ಮತ್ತೆ ನೆನೆಯಬೇಕಾಗುವುದು.

ವಿಜಯನಗರದ ಮಹಾನವಮಿಯ ಸಂಪ್ರದಾಯವು ಮೈಸೂರಿನ ಅರಸರಿಗೆ ಬಂದಿತು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ನಡೆಸಿದ ಮೇಲೆ ಮಲ್ಲಯುದ್ಧವು ಅದರ ಒಂದು ಅಂಗವಾಗಿ ನಿಂತಿತು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವು ಇಂದಿಗೂ ನಡೆದುಬಂದಿದೆ. ಅರಸರ ಆಶ್ರಯದಿಂದಲೂ ಜನರ ಆಸಕ್ತಿಯಿಂದಲೂ ಮೈಸೂರಿನ ಬೀದಿ ಬೀದಿಗಳಲ್ಲಿ ಗರಡಿಮನೆಗಳು ಬೆಳೆದವು. ತುಳುನಾಡಿನಲ್ಲಿಯಾದರೋ ಕೋಟಿ ಚೆನ್ನಯರೆಂಬ ವೀರರ ಗರಡಿಗಳು ಪೂಜಾಸ್ಥಾನಗಳೇ ಆಗಿವೆ.

ಗರಡಿಯ ಉಪಕರಣಗಳಲ್ಲಿ ಮುಖ್ಯವಾದದ್ದು ಅಲ್ಲಿನ ನೆಲವೇ. ಇದಕ್ಕೆ ಮಟ್ಟಿಯೆಂದು ಹೆಸರು. ಕೆಮ್ಮಣ್ಣನ್ನು ತಂದು, ಕಲ್ಲು ಬೇರುಗಳನ್ನು ಆರಿಸಿ, ಜರಡಿ ಹಿಡಿದು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನ, ಬೇವಿನ ಸೊಪ್ಪು, ನಿಂಬೆಯ ರಸ ಮೊದಲಾದವುಗಳನ್ನು ಬೆರಸಿ ಹದಮಾಡುತ್ತಾರೆ. ಎಣ್ಣೆಯೂ ಮಜ್ಜಿಗೆಯೂ ಮಣ್ಣಿನ ಧೂಳನ್ನು ಅಡಗಿಸಿ ಮೆದುವಾಗಿಡುತ್ತವೆ. ಅರಿಸಿನವೂ ಬೇವೂ ತರಚುಗಾಯಗಳು ಕೀವಾಗದಂತೆ ಕಾಯುತ್ತವೆಂದು ನಂಬಿಕೆ. ಆದರೆ ಮಟ್ಟಿಯ ನಿಜವಾದ ಚಮತ್ಕಾರ ಬೇರೆ. ದಿನವೂ ಬಳಸಿದ ಮಣ್ಣು ಗಟ್ಟಿಯಾಗುವುದರಿಂದ ಅದನ್ನು ಅಗೆದು ತಿರುಗಿಸಬೇಕು. ಹೊಸದಾಗಿ ಸೇರಿದ ಹುಡುಗನ ಕೈಗೆ ವಸ್ತಾದಿಯು ಮೊದಲು ಕೊಡುವುದು ಪಟ್ಟನ್ನಲ್ಲ, ಗುದ್ದಲಿಯನ್ನು. ನೆಲವನ್ನು ಅಗೆಯುತ್ತ ಅಗೆಯುತ್ತ ಆತನ ಬೆನ್ನೂ ಭುಜವೂ ಮುಂಗೈಯೂ ಬಲಿಯುತ್ತವೆ. ಉಪಕರಣವನ್ನು ಮಾಡುವುದೇ ಸಾಧನೆಯ ಮೊದಲನೆಯ ಪಾಠವಾಗುವುದು ಹೀಗೆ.

ಎರಡನೆಯದು ಮುದ್ಗರ, ಗರಡಿಯವರ ಮಾತಿನಲ್ಲಿ ಲೋಡು. ಗಂಟಿಲ್ಲದ ಗಟ್ಟಿಮರವನ್ನು ಚೆನ್ನಾಗಿ ಒಣಗಿಸಿ, ಬುಡ ದಪ್ಪವಾಗಿಯೂ ಹಿಡಿ ಸಣ್ಣದಾಗಿಯೂ ಇರುವಂತೆ ಬಡಗಿಯಿಂದ ಕಡೆಸುತ್ತಾರೆ. ಹಸಿಮರದಲ್ಲಿ ಮಾಡಿದರೆ ಒಣಗುವಾಗ ಸೀಳುವುದು. ಇದರ ರೂಪದಲ್ಲಿ ಒಂದು ಯುಕ್ತಿ ಅಡಗಿದೆ. ಭಾರವು ಹಿಡಿಯಲ್ಲಿರದೆ ದೂರದ ತುದಿಯಲ್ಲಿರುವುದರಿಂದ, ತೂಕ ಸ್ವಲ್ಪವೇ ಆದರೂ ಬೀಸುವಾಗ ಕೈಗೆ ಬಹಳವಾಗಿ ತೋರುತ್ತದೆ. ಹಿಡಿಯನ್ನು ಸ್ವಲ್ಪ ಮೇಲಕ್ಕೆ ಹಿಡಿದರೆ ಅದೇ ಮುದ್ಗರ ಹಗುರ, ಕೆಳಕ್ಕೆ ಹಿಡಿದರೆ ಭಾರ. ಒಂದೇ ಮರದ ತುಂಡು ಹಲವು ತೂಕಗಳ ಕೆಲಸವನ್ನು ಮಾಡುತ್ತದೆ.

ಮೂರನೆಯದು ಕಲ್ಲು. ಎತ್ತುವ ಗುಂಡು, ಕೊರಳಿಗೆ ಹಾಕಿಕೊಂಡು ಬಸ್ಕಿ ಹೊಡೆಯುವ ಕಲ್ಲಿನ ಬಳೆ ಮೊದಲಾದವು ಕಲ್ಲುಕುಟಿಗರ ಕೈಕೆಲಸ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯವೂ ಉಸುಕಿನ ಚೀಲ ಎತ್ತುವ ಪಂದ್ಯವೂ ಈಗಲೂ ಜನರನ್ನು ಸೇರಿಸುತ್ತವೆ. ಉಸುಕಿನ ಚೀಲದ ಕಷ್ಟವು ಎತ್ತಿದವರಿಗೇ ಗೊತ್ತು. ಕಲ್ಲು ತನ್ನ ಆಕಾರದಲ್ಲಿಯೇ ಇರುವುದು. ಉಸುಕಾದರೋ ಎತ್ತಿದಂತೆಲ್ಲ ಒಳಗೆ ಜರಿದು ಭಾರದ ಕೇಂದ್ರವನ್ನು ಬದಲಾಯಿಸುತ್ತ, ಮೈಯ ಪ್ರತಿಯೊಂದು ಸ್ನಾಯುವನ್ನೂ ಎಚ್ಚರವಾಗಿಡುವುದು.

ನಾಲ್ಕನೆಯದು ಹಗ್ಗ ಮತ್ತು ಕಂಬ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಕೆಲವು ಹಗ್ಗವನ್ನು ಹಿಡಿದು ಮಾಡತಕ್ಕವು. ಕೆಲವು ಗರಡಿಯ ದಂಡೆಗಳನ್ನು ಹೋಲತಕ್ಕವು. ಯೋಗಶಾಲೆಗೂ ಗರಡಿಗೂ ನಡುವೆ ಈಗ ನಾವು ಕಾಣುವಂಥ ಗೋಡೆ ಆಗ ಇರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಬೆಂಗಳೂರಿನಲ್ಲಿ 1896ರಲ್ಲಿ ಎಸ್. ಭಾರದ್ವಾಜ ಎಂಬವರು ವ್ಯಾಯಾಮದೀಪಿಕೆಯೆಂಬ ಪುಸ್ತಕವನ್ನು ಪ್ರಕಟಿಸಿ ಹಿಂದೂದೇಶದ ಅಂಗಸಾಧನೆಯ ಕ್ರಮವನ್ನು ಇಂಗ್ಲಿಷ್ ಓದುವವರಿಗೂ ತಿಳಿಸಿದರು.

ಈ ನಡುವೆ ನಮ್ಮ ಮುದ್ಗರವು ಸಮುದ್ರವನ್ನು ದಾಟಿತ್ತು. ಹಿಂದೂಸ್ಥಾನದಲ್ಲಿದ್ದ ಇಂಗ್ಲಿಷ್ ಸಿಪಾಯಿಗಳೂ ಅಧಿಕಾರಿಗಳೂ ಇದನ್ನು ಕಂಡು ಮೆಚ್ಚಿಕೊಂಡರು. ಡೊನಾಲ್ಡ್ ವಾಕರ್ ಎಂಬವನು 1834ರಲ್ಲಿ ಪ್ರಕಟಿಸಿದ ವ್ಯಾಯಾಮಗ್ರಂಥದಲ್ಲಿ ಇದರ ವರಸೆಗಳನ್ನು ಸೇರಿಸಿದನು. ಅಮೆರಿಕದ ಸೈಮನ್ ಕೀಹೋ ಎಂಬವನು ಇಂಗ್ಲೆಂಡಿನಲ್ಲಿ ಇದನ್ನು ನೋಡಿ, ತನ್ನ ದೇಶದಲ್ಲಿ ಇದನ್ನು ತಯಾರಿಸಿ ಮಾರತೊಡಗಿ, 1866ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದನು. 1904ರ ಮತ್ತು 1932ರ ಒಲಿಂಪಿಕ್ ಕೂಟಗಳಲ್ಲಿ ಮುದ್ಗರ ಬೀಸುವುದು ಒಂದು ಸ್ಪರ್ಧೆಯಾಗಿತ್ತು. ಹಳ್ಳಿಯ ಬಡಗಿ ಕಡೆದ ಮರದ ತುಂಡು ಪೇಟೆಯ ಸರಕಾದ ಬಗೆ ಇದು.

ಯುರೋಪಿನ ಉಪಕರಣಗಳೂ ಮೊದಲು ಮನೆಯಲ್ಲಿ ಆದವುಗಳೇ. ಡಂಬೆಲ್ ಎಂಬ ಹೆಸರಿನ ಅರ್ಥ ಮೂಕಗಂಟೆ. ಇಂಗ್ಲಿಷ್ ಪ್ರಬಂಧಕಾರನಾದ ಅಡಿಸನ್ 1711ರಲ್ಲಿ ತನ್ನ ಸ್ಪೆಕ್ಟೇಟರ್ ಪತ್ರಿಕೆಯಲ್ಲಿ, ತಾನು ಪ್ರತಿದಿನ ಬೆಳಿಗ್ಗೆ ಒಂದು ಗಂಟೆಯ ಕಾಲ ಕೋಣೆಯ ಮೂಲೆಯಲ್ಲಿರುವ ಇಂಥ ಮೂಕಗಂಟೆಯನ್ನು ಬಾರಿಸುವುದಾಗಿ ವಿನೋದವಾಗಿ ಬರೆದಿದ್ದಾನೆ. ತುದಿಗಳಲ್ಲಿ ಸೀಸ ತುಂಬಿದ ಎರಡು ಗಿಡ್ಡ ಕೋಲುಗಳನ್ನು ಹಿಡಿದು ತನ್ನ ನೆರಳಿನೊಡನೆಯೇ ಕಾದುವ ಇನ್ನೊಂದು ಅಭ್ಯಾಸವನ್ನೂ ಅಲ್ಲಿ ಹೇಳಿದ್ದಾನೆ. ಬರ್ಲಿನ್ ನಗರದ ಹೊರಗೆ 1811ರಲ್ಲಿ ಯಾನ್ ಎಂಬ ಉಪಾಧ್ಯಾಯನು ತೆರೆದ ಬಯಲು ವ್ಯಾಯಾಮಶಾಲೆಯಲ್ಲಿದ್ದುದು ಮರದ ತೊಲೆಗಳು, ಕಂಬಗಳು, ಹಗ್ಗಗಳು. ನಮ್ಮ ಶಾಲೆಗಳ ಸಿಂಗಲ್ ಬಾರು, ಡಬಲ್ ಬಾರುಗಳ ವಂಶಮೂಲ ಅದೇ. ಆ ತೊಲೆಗಳ ಸುತ್ತ ಸೇರಿದ ಯುವಕರಲ್ಲಿ ಸ್ವಾತಂತ್ರ್ಯದ ವಿಚಾರ ಬೆಳೆಯುವುದನ್ನು ಕಂಡು ಪ್ರಷ್ಯದ ಸರ್ಕಾರವು 1820ರಿಂದ 1842ರವರೆಗೆ ಅಂಥ ಶಾಲೆಗಳನ್ನು ನಿಷೇಧಿಸಿತು. ನಾಲ್ಕು ಮರದ ಕಂಬಗಳಿಗೆ ಒಂದು ರಾಜ್ಯ ಹೆದರಿತೆಂಬುದು ಯೋಚಿಸತಕ್ಕ ವಿಷಯ. ತನ್ನ ಬಲವನ್ನು ತಾನೇ ಸಂಪಾದಿಸಿಕೊಂಡವನು ಯಾರಿಗೂ ಸುಲಭವಾಗಿ ತಲೆಬಾಗುವುದಿಲ್ಲ.

ಆಮೇಲೆ ಅಂಗಡಿಯ ಕಾಲ ಬಂದಿತು. ಸ್ವೀಡನ್ ದೇಶದ ಜಾಂಡರ್ ಎಂಬ ವೈದ್ಯನು 1865ರಲ್ಲಿ ಸ್ಟಾಕ್‌ಹೋಮಿನಲ್ಲಿ ಯಂತ್ರಗಳಿಂದ ವ್ಯಾಯಾಮ ಮಾಡಿಸುವ ಸಂಸ್ಥೆಯನ್ನು ತೆರೆದನು. 1904 ಮತ್ತು 1905ರಲ್ಲಿ ಹಿಂದೂಸ್ಥಾನದಲ್ಲಿ ಸಂಚಾರ ಮಾಡಿದ ಸ್ಯಾಂಡೋ ತನ್ನ ಹೆಸರಿನ ಸ್ಪ್ರಿಂಗಿನ ಡಂಬೆಲ್ಲುಗಳನ್ನು ಲೋಕಪ್ರಸಿದ್ಧ ಮಾಡಿದನು. ಬಲವು ಪೆಟ್ಟಿಗೆಯಲ್ಲಿ ಬರುವ ವಸ್ತುವೆಂಬ ಭಾವನೆ ಹುಟ್ಟಿದ್ದು ಆಗ. ಹೊಸದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರು (1897-1980) ಪಶ್ಚಿಮದ ಬಾರ್‌ಬೆಲ್ಲನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಒಂದುಗೂಡಿಸಿ ಎಷ್ಟೋ ತರುಣರ ದೇಹವನ್ನು ತಿದ್ದಿದರು. ಶಾಲೆಗೆ ಬರಲಾರದವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸಿದರು. ಶಾಂತಲಾ, ರೂಪದರ್ಶಿ ಎಂಬ ಕಾದಂಬರಿಗಳನ್ನು ಬರೆದವರೂ ಅವರೇ ಎಂಬುದನ್ನು ನೆನೆದರೆ, ಬಲಿಷ್ಠವಾದ ತೋಳು ಲೇಖನಿಗೆ ಶತ್ರುವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಹಳೆಯ ಗರಡಿಯನ್ನು ಹೊಗಳುವಾಗ ಅದರ ಕೊರತೆಯನ್ನೂ ಮುಚ್ಚಿಡಬಾರದು. ಅನೇಕ ಗರಡಿಗಳು ಒಂದೊಂದು ಬೀದಿಗೆ, ಒಂದೊಂದು ಕುಲಕ್ಕೆ ಸೇರಿದವಾಗಿದ್ದವು. ಹೆಂಗಸರು ಅವುಗಳ ಹೊಸಲನ್ನು ದಾಟುವಂತಿರಲಿಲ್ಲ. ಮಣ್ಣು ಎಲ್ಲರದಾಗಿದ್ದರೂ ಮಟ್ಟಿ ಎಲ್ಲರದಾಗಿರಲಿಲ್ಲ. ಹೆಂಗಸರಿಗೆ ಒನಕೆಯೂ ಬೀಸುವ ಕಲ್ಲೂ ಇದ್ದವಲ್ಲ, ಅವರಿಗೆ ಬೇರೆ ವ್ಯಾಯಾಮವೇಕೆ ಎಂದು ಕೆಲವರು ಕೇಳುವುದುಂಟು. ಚಿತ್ರದುರ್ಗದ ಓಬವ್ವೆಯ ಕೈಯಲ್ಲಿ ಒನಕೆಯು ಗದೆಯಾಯಿತೆಂಬುದು ನಿಜ. ಆದರೆ ದುಡಿಮೆ ಬೇರೆ, ಸಾಧನೆ ಬೇರೆ. ಸಾಧಕನು ತನ್ನ ಶಕ್ತಿಯನ್ನು ನೋಡಿಕೊಂಡು ಭಾರವನ್ನು ಹೆಚ್ಚಿಸುತ್ತಾನೆ, ದಣಿದಾಗ ನಿಲ್ಲಿಸುತ್ತಾನೆ, ಹೊಟ್ಟೆತುಂಬ ಉಣ್ಣುತ್ತಾನೆ. ಮನೆಮಂದಿಗೆಲ್ಲ ಹಿಟ್ಟು ಬೀಸುವವಳಿಗೆ ಈ ಮೂರು ಸ್ವಾತಂತ್ರ್ಯಗಳೂ ಇರಲಿಲ್ಲ. ಆದುದರಿಂದಲೇ ವಿಜಯನಗರದ ನಾಟ್ಯಮಂದಿರದ ಆ ಮೂಲೆಯು ಅಷ್ಟು ಅಪೂರ್ವವಾದದ್ದು. 2016ರಲ್ಲಿ ಸಾಕ್ಷಿ ಮಲಿಕ್ ಒಲಿಂಪಿಕ್ ಕೂಟದ ಕುಸ್ತಿಯಲ್ಲಿ ಕಂಚಿನ ಪದಕವನ್ನು ಪಡೆದ ಮೇಲಾದರೂ ಹೊಸಲಿನ ಮಾತು ಮುಗಿಯಬೇಕಾದದ್ದು ನ್ಯಾಯ. ಮನೆಯಲ್ಲಿ ಮಾಡಿಕೊಂಡ ಉಪಕರಣದ ಒಂದು ದೊಡ್ಡ ಗುಣವೆಂದರೆ, ಅದನ್ನು ಮುಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಈ ಗುಣವು ಇತ್ತೀಚೆಗೆ ಒಮ್ಮೆ ಲೋಕಕ್ಕೆಲ್ಲ ಗೋಚರವಾಯಿತು. 2020ರಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಮಾರ್ಚಿಯಿಂದ ಆಗಸ್ಟಿನ ಆರಂಭದವರೆಗೆ ನಮ್ಮ ದೇಶದ ವ್ಯಾಯಾಮಶಾಲೆಗಳು ಮುಚ್ಚಿದ್ದವು. ಆಗ ಅನೇಕರು ನೀರು ತುಂಬಿದ ಕ್ಯಾನುಗಳನ್ನೂ ಮರಳಿನ ಚೀಲಗಳನ್ನೂ ಎತ್ತತೊಡಗಿದರು. ಡಬ್ಬಗಳಲ್ಲಿ ಸಿಮೆಂಟಿನ ಕಾಂಕ್ರೀಟನ್ನು ತುಂಬಿ ಕೊಳವೆಯ ಎರಡು ತುದಿಗಳಿಗೆ ಕೂಡಿಸಿ ಡಂಬೆಲ್ಲುಗಳನ್ನು ಮಾಡಿಕೊಂಡರು. ಕೃಷ್ಣದೇವರಾಯನ ಮಣ್ಣಿನ ಭಾರಕ್ಕೂ ಇವುಗಳಿಗೂ ಇರುವ ನಂಟು ಅವರಿಗೆ ತಿಳಿದಿರಲಿ ಬಿಡಲಿ, ಅವರು ನಡೆದದ್ದು ಅದೇ ಹಾದಿಯಲ್ಲಿ.

ಇಂಥ ಉಪಕರಣಗಳನ್ನು ಮಾಡಿಕೊಳ್ಳಬಯಸುವವರಿಗೆ ಚರಿತ್ರೆಯಿಂದ ದೊರೆಯುವ ಪಾಠಗಳು ಸರಳವಾಗಿವೆ. ಒಂದು ಲೀಟರು ಹಿಡಿಯುವ ಪಾತ್ರೆಯಲ್ಲಿ ನೀರು ತುಂಬಿದರೆ 1 ಕಿಲೋಗ್ರಾಂ, ಒಣಮರಳು ತುಂಬಿದರೆ ಸುಮಾರು ಒಂದೂವರೆ, ಕಾಂಕ್ರೀಟು ತುಂಬಿದರೆ ಎರಡು ಕಿಲೋಗ್ರಾಮಿಗೂ ಮೇಲೆ ತೂಗುವುದು. ಒಂದೇ ಪಾತ್ರೆಯಿಂದ ಮೈಲೋವಿನ ಕರುವನ್ನು ಬೆಳೆಸಬಹುದು. ಹಿಡಿಯು ಅಲುಗದಂತೆಯೂ ಬೆವರಿದ ಕೈಯಿಂದ ಜಾರದಂತೆಯೂ ಇರಬೇಕು. ಜೋತುಬೀಳುವ ಹಗ್ಗವನ್ನೂ ತೊಲೆಯನ್ನೂ ತನ್ನ ತೂಕಕ್ಕಿಂತ ಹೆಚ್ಚಾದ ಮರಳಿನ ಮೂಟೆಯನ್ನು ತೂಗುಹಾಕಿ ಮೊದಲು ಪರೀಕ್ಷಿಸಬೇಕು. ತಿಳಿದವರೊಬ್ಬರು ಹತ್ತಿರವಿದ್ದು ತಿದ್ದಬೇಕು; ಏಕೆಂದರೆ ಗರಡಿಯಲ್ಲಿ ಮನೆಯೊಳಗೆ ಮಾಡಿಕೊಳ್ಳಲಾಗದ ವಸ್ತು ಒಂದೇ ಇತ್ತು, ಅದು ವಸ್ತಾದಿಯ ಕಣ್ಣು.

ಮೈಸೂರಿನಲ್ಲಿ ಗರಡಿಗಳು ಹಿಂದಿನಷ್ಟು ಉಳಿದಿಲ್ಲ. ಮರವನ್ನು ಕಡೆದು ಲೋಡು ಮಾಡಿಕೊಡಬಲ್ಲ ಬಡಗಿಗಳೂ, ಮಟ್ಟಿಯ ಹದ ಬಲ್ಲ ವೃದ್ಧರೂ ವಿರಳರಾಗುತ್ತಿದ್ದಾರೆ. ಅವರು ಹೋದ ಮೇಲೆ ಆ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಬಹುದು. ಆದರೆ ಬೀಸದ ಗದೆ ಬರಿಯ ಸೌದೆ, ಅಗೆಯದ ಮಟ್ಟಿ ಬರಿಯ ಮಣ್ಣು. ನಮ್ಮ ಬೀದಿಯ ಗರಡಿಯಲ್ಲಿ ಇನ್ನೂ ದೀಪ ಉರಿಯುತ್ತಿದ್ದರೆ, ಮಕ್ಕಳನ್ನು, ಗಂಡುಹೆಣ್ಣೆಂಬ ಭೇದವಿಲ್ಲದೆ, ಒಮ್ಮೆ ಕರೆದುಕೊಂಡು ಹೋಗಿ ಅವರ ಕೈಗೆ ಗುದ್ದಲಿಯನ್ನು ಕೊಡಿಸುವುದು ನಾವು ಮಾಡಬಹುದಾದ ಕೆಲಸ. ಉಳಿದದ್ದನ್ನು ಆ ಮಣ್ಣೇ ಕಲಿಸುವುದು.